ಹಾಸಿಗೆಯ ಸುತ್ತ ನಿಂತವರು ಯಾರು? ಕೇಳಿ ತಿಳಿಯಿರಿ

ತಾಯಿಯನ್ನು ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಸೇರಿಸಿದ್ದೀರಿ. ಬೆಳಿಗ್ಗೆ ರೌಂಡ್ಸ್‌ಗೆ ಬಂದ ದೊಡ್ಡ ಡಾಕ್ಟರ ಜೊತೆ ಬಿಳಿ ಕೋಟಿನ ಎಂಟು-ಹತ್ತು ಮಂದಿ ಹಾಸಿಗೆಯನ್ನು ಸುತ್ತುವರಿಯುತ್ತಾರೆ. ಒಬ್ಬ ಹುಡುಗ ಕೇಳದೆಯೇ ಹೊದಿಕೆ ಸರಿಸಿ ಹೊಟ್ಟೆ ಒತ್ತಿ ನೋಡುತ್ತಾನೆ. ತಾಯಿ ಮುಜುಗರದಿಂದ ಮುಖ ತಿರುಗಿಸುತ್ತಾರೆ. ಬೇಡವೆಂದರೆ ಚಿಕಿತ್ಸೆ ಸರಿಯಾಗಿ ಸಿಗಲಿಕ್ಕಿಲ್ಲ ಎಂದು ಹೆದರಿ ನೀವೂ ಸುಮ್ಮನಿರುತ್ತೀರಿ.

ಹೆದರಬೇಕಾಗಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನ ಕರಡನ್ನು ಕೇಂದ್ರ ಆರೋಗ್ಯ ಸಚಿವಾಲಯ 2018ರಲ್ಲಿ ಪ್ರಕಟಿಸಿತು. ಅದರಲ್ಲಿ 17 ಹಕ್ಕುಗಳಿವೆ. ಮುಖ್ಯವಾಗಿ ಇವನ್ನು ನೆನಪಿಡಿ:

* ನಿಮ್ಮನ್ನು ನೋಡಿಕೊಳ್ಳುವವರು ಯಾರು, ಅವರ ಹುದ್ದೆಯೇನು ಎಂದು ಕೇಳಬಹುದು. ವೈದ್ಯರೋ ವಿದ್ಯಾರ್ಥಿಯೋ ಎಂಬುದು ನಿಮಗೆ ತಿಳಿಯಬೇಕು.
* ಪುರುಷ ವೈದ್ಯರು ಮಹಿಳೆಯನ್ನು ಪರೀಕ್ಷಿಸುವಾಗ ಇನ್ನೊಬ್ಬ ಮಹಿಳೆ ಜೊತೆಗಿರಬೇಕೆಂದು ಕೇಳಬಹುದು.
* ಕಾಯಿಲೆಯ ವಿವರ ಗುಟ್ಟಾಗಿರಬೇಕು.
* ಅಪಾಯವಿರುವ ಪರೀಕ್ಷೆ ಅಥವಾ ಚಿಕಿತ್ಸೆಗೆ ಮೊದಲು ವಿವರಿಸಿ ಒಪ್ಪಿಗೆ ಪಡೆಯಬೇಕು.

ಒಪ್ಪಿಗೆಯೆಂದರೆ ಮನೆಯವರ ಸಹಿ ಮಾತ್ರವಲ್ಲ. ಪರೀಕ್ಷೆಗೆಂದು ಅರಿವಳಿಕೆ ಪಡೆದು ಮಲಗಿದ್ದ ಮಹಿಳೆಯ ಗರ್ಭಕೋಶವನ್ನು ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣವೊಂದಿತ್ತು. ಜೀವಕ್ಕೆ ತುರ್ತು ಅಪಾಯವಿಲ್ಲದಿರುವಾಗ ಆ ಒಪ್ಪಿಗೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ದೇಹ ಯಾರದೋ ಒಪ್ಪಿಗೆಯೂ ಅವರದೇ.

ಇನ್ನು, ನಿಮ್ಮ ಮಗನೋ ಮಗಳೋ ಎಂಬಿಬಿಎಸ್ ಅಥವಾ ನರ್ಸಿಂಗ್ ಓದುತ್ತಿರಬಹುದು. ಅವರ ಸಂಕಟ ಬೇರೆ. ರೋಗಿಯನ್ನು ಯಾರೂ ಕೇಳಿಲ್ಲವೆಂದು ಗೊತ್ತಿರುತ್ತದೆ. ಆದರೆ "ಹೋಗಿ ಪರೀಕ್ಷಿಸು" ಎಂದವರ ಕೈಯಲ್ಲೇ ಇಂಟರ್ನಲ್ ಅಂಕಗಳಿರುತ್ತವೆ. ಎದುರು ಮಾತಾಡುವ ಧೈರ್ಯ ಬರುವುದಿಲ್ಲ. ಅವರಿಗೆ ಜಗಳ ಕಲಿಸಬೇಡಿ, ಒಂದು ಮಾತು ಕಲಿಸಿ: "ಅಮ್ಮಾ, ನಾನು ವಿದ್ಯಾರ್ಥಿ. ನಿಮ್ಮನ್ನು ನೋಡಿ ಕಲಿಯಬಹುದೇ?" ಬೇಡವೆಂದರೆ ವಂದಿಸಿ ಹಿಂದೆ ಸರಿಯಲಿ. ಪರದೆ ಎಳೆಯದೆ ಹೊದಿಕೆ ತೆಗೆಯದಿರಲಿ. ರೋಗಿಯ ಫೋಟೊ, ಎಕ್ಸ್‌ರೇ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಹೋಗದಿರಲಿ.

ಹಕ್ಕಿದೆಯೆಂದು ಎಲ್ಲರೂ ಬೇಡವೆಂದರೆ ನಾಳಿನ ವೈದ್ಯರು ಕಲಿಯುವುದೆಲ್ಲಿ? ಹೆರಿಗೆ ಮಾಡಿಸುವ ಕೈ, ಗಂಟನ್ನು ಗುರುತಿಸುವ ಬೆರಳು ಪುಸ್ತಕದಿಂದಷ್ಟೇ ಪಳಗುವುದಿಲ್ಲ. ವಿನಯದಿಂದ ಕೇಳಿದಾಗ, ಮನಸ್ಸು ಒಪ್ಪಿದರೆ, ಹೂಂ ಎನ್ನಿ. ಕೇಳದೆ ಮುಟ್ಟಿದರೆ ಮಾತ್ರ "ಸ್ವಲ್ಪ ನಿಲ್ಲಿ, ನೀವು ಯಾರು?" ಎಂದು ಮೆಲ್ಲಗೆ ಕೇಳಿ. ಆ ಪ್ರಶ್ನೆಯಿಂದಲೂ ಒಬ್ಬ ವಿದ್ಯಾರ್ಥಿ ಕಲಿಯುತ್ತಾನೆ.