ದಪ್ಪಕ್ಷರಗಳೂ ಕಣ್ಣಿನ ಮಿತಿಯೂ

ಕಾರ್ಖಾನೆಯ ಗೋಡೆ, ಸರಕು ಸಾಗಿಸುವ ರೈಲುಡಬ್ಬಿ, ಎಣ್ಣೆಯ ಪೀಪಾಯಿ – ಇವುಗಳ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ವಾಚಕರು ಗಮನಿಸಿರಬಹುದು. ಇಟ್ಟಿಗೆ ಜೋಡಿಸಿ ಕಟ್ಟಿದಂತೆ ಅವು ಚೌಕವಾಗಿ, ದಪ್ಪವಾಗಿ, ಅಲಂಕಾರವಿಲ್ಲದೆ ನಿಂತಿರುತ್ತವೆ. ಅಕ್ಷರವು ದಪ್ಪವಾದಷ್ಟೂ ದೂರಕ್ಕೆ ಚೆನ್ನಾಗಿ ಕಾಣುವುದೆಂದು ಜನರ ನಂಬಿಕೆ. ಇದು ಎಷ್ಟರ ಮಟ್ಟಿಗೆ ನಿಜ?

ಇಂಥ ಅಕ್ಷರಗಳು ಕೈಗಾರಿಕಾ ಕ್ರಾಂತಿಯ ಕೂಸುಗಳು. ಸರಕು ಹೆಚ್ಚಿದಂತೆ ಜಾಹೀರಾತುಗಳೂ ಹೆಚ್ಚಿದುವು. ಪುಸ್ತಕದ ನಯವಾದ ಅಕ್ಷರಗಳು ಬೀದಿಯ ಗೋಡೆಗೆ ಸಾಲದಾದುವು. 1817ರ ವೇಳೆಗೆ ಲಂಡನ್ನಿನ ವಿನ್ಸೆಂಟ್ ಫಿಗಿನ್ಸ್ ಎಂಬಾತನು ತುದಿಗಳಲ್ಲಿಯೂ ದಪ್ಪ ಪಟ್ಟಿಗಳಿರುವ ಅಚ್ಚುಮೊಳೆಗಳನ್ನು ಪ್ರಕಟಿಸಿದನು. ಆದರೆ ಸೀಸದ ಮಿಶ್ರಲೋಹದಲ್ಲಿ ಎರಕ ಹೊಯ್ದ ದೊಡ್ಡ ಮೊಳೆಗಳು ಬಲು ಭಾರ, ಬೆಲೆಯೂ ಹೆಚ್ಚು. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸನು ಯಂತ್ರದಿಂದ ಮರದ ಮೊಳೆಗಳನ್ನು ಕೊರೆಯತೊಡಗಿದ ಮೇಲೆ ಅಕ್ಷರಗಳ ಗಾತ್ರಕ್ಕೆ ಆ ತಡೆ ಉಳಿಯಲಿಲ್ಲ.

ಇನ್ನು ಕಣ್ಣಿನ ವಿಚಾರ. ಎರಡು ಚುಕ್ಕೆಗಳನ್ನು ಬೇರೆ ಬೇರೆಯಾಗಿ ಕಾಣಬೇಕಾದರೆ ಅವು ನಮ್ಮ ಕಣ್ಣಿನಲ್ಲಿ ಸುಮಾರು ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗದಷ್ಟು ಕೋನವನ್ನಾದರೂ ಉಂಟುಮಾಡಬೇಕು. ನೂರು ಮೀಟರು ದೂರದಲ್ಲಿ ಇದು ಹೆಚ್ಚುಕಡಿಮೆ 3 ಸೆಂಟಿಮೀಟರು ಅಂತರಕ್ಕೆ ಸಮ. ಹಾಲೆಂಡಿನ ನೇತ್ರವೈದ್ಯ ಸ್ನೆಲೆನ್ನನು 1862ರಲ್ಲಿ ರಚಿಸಿದ ದೃಷ್ಟಿಪರೀಕ್ಷೆಯ ಫಲಕಕ್ಕೆ ಇದೇ ತಳಹದಿ. ಅವನ ಅಕ್ಷರಗಳೂ ಚೌಕದವೇ: ಎತ್ತರ ಐದು ಪಾಲು, ಗೆರೆಯ ದಪ್ಪ ಒಂದು ಪಾಲು.

ಇಂಗ್ಲಿಷಿನ ‘ಇ’ ಅಕ್ಷರವನ್ನು ತೆಗೆದುಕೊಳ್ಳೋಣ. ಅದರಲ್ಲಿ ಮೂರು ಅಡ್ಡಗೆರೆಗಳೂ ಅವುಗಳ ನಡುವೆ ಎರಡು ಬಿಳಿಯ ಸಂದುಗಳೂ ಇವೆ. ಎತ್ತರ 15 ಸೆಂಟಿಮೀಟರು ಇದ್ದರೆ ಪ್ರತಿಯೊಂದಕ್ಕೂ 3 ಸೆಂಟಿಮೀಟರು ದೊರೆಯುತ್ತದೆ. ಅಕ್ಷರವು ನೂರು ಮೀಟರಿನವರೆಗೆ ಕಾಣುತ್ತದೆ. ಈಗ ಎತ್ತರವನ್ನು ಬದಲಿಸದೆ ಗೆರೆಯನ್ನು ಮಾತ್ರ 4.2 ಸೆಂಟಿಮೀಟರಿಗೆ ದಪ್ಪಗೊಳಿಸಿದರೆ ಪ್ರತಿ ಸಂದಿಗೆ ಉಳಿಯುವುದು 1.2 ಸೆಂಟಿಮೀಟರು ಮಾತ್ರ. ಸ್ಥೂಲ ಲೆಕ್ಕದಲ್ಲಿ, ನಾಲ್ವತ್ತು ಮೀಟರಿನಾಚೆಗೆ ಅದು ಅಕ್ಷರವಲ್ಲ, ಬರಿಯ ಕರಿಯ ಇಟ್ಟಿಗೆ! ಗಂಟೆಗೆ 60 ಕಿಲೋಮೀಟರು ವೇಗದ ವಾಹನವು ನೂರು ಮೀಟರು ಕ್ರಮಿಸಲು 6 ಸೆಕೆಂಡು ಬೇಕು; ನಾಲ್ವತ್ತು ಮೀಟರಿಗೆ 2.4 ಸೆಕೆಂಡು ಸಾಕು. ಎಚ್ಚರಿಕೆಯ ಫಲಕವನ್ನು ಓದಿ ವಾಹನವನ್ನು ನಿಲ್ಲಿಸಬೇಕಾದವನಿಗೆ ಈ ವ್ಯತ್ಯಾಸವು ಅಲ್ಪವಲ್ಲ.

ಕನ್ನಡದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ‘ಪ’ಕಾರಕ್ಕೂ ‘ಷ’ಕಾರಕ್ಕೂ ಭೇದವಿರುವುದು ಒಳಗಿನ ಒಂದು ಸಣ್ಣ ಗೆರೆಯಲ್ಲಿ, ಒತ್ತಕ್ಷರಗಳಂತೂ ಮತ್ತಷ್ಟು ಕಿರಿದು. ಗೆರೆಯನ್ನು ಮಿತಿಮೀರಿ ದಪ್ಪಗೊಳಿಸಿದರೆ ಮೊದಲು ಮುಚ್ಚಿಹೋಗುವುವು ಇವೇ.

ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಒಂದೂವರೆ ಸೆಂಟಿಮೀಟರು ಎತ್ತರದ ಎರಡು ‘ಇ’ಗಳನ್ನು, ಒಂದಕ್ಕೆ 3, ಇನ್ನೊಂದಕ್ಕೆ 4.2 ಮಿಲಿಮೀಟರು ದಪ್ಪದ ಗೆರೆಯಿಟ್ಟು ಬರೆದು ಗೋಡೆಗೆ ಅಂಟಿಸಿ, ಹಗಲು ಬೆಳಕಿನಲ್ಲಿ ಹಿಂದಕ್ಕೆ ನಡೆಯಿರಿ. ಮೊದಲು ಮರೆಯಾಗುವುದು ಯಾವುದೆಂಬುದನ್ನು ನಿಮ್ಮ ಕಣ್ಣೇ ಹೇಳುತ್ತದೆ. ಅಕ್ಷರವನ್ನು ರೂಪಿಸುವುದು ಮಸಿಯೊಂದೇ ಅಲ್ಲ. ಮಸಿಯಿಲ್ಲದ ಎಡೆಯೂ ಹೌದು.