ಜನರಲ್ ಕಾರ್ಲೋಸ್ ರೋಮುಲೋ

ಸೇನಾನಿ ಎಂದೊಡನೆ ಖಡ್ಗ, ತೋಪು, ರಣವಾದ್ಯಗಳು ನಮ್ಮ ಕಣ್ಣೆದುರು ಸುಳಿಯುತ್ತವೆ. ಆದರೆ ಫಿಲಿಪೈನ್ಸ್ ದೇಶದ ಜನರಲ್ ಕಾರ್ಲೋಸ್ ರೋಮುಲೋ ಅವರು ಕೀರ್ತಿಯನ್ನು ಗಳಿಸಿದುದು ಹೆಚ್ಚಾಗಿ ಲೇಖನಿಯಿಂದ ಮತ್ತು ವಾಣಿಯಿಂದ. ಚಿಕ್ಕ ರಾಷ್ಟ್ರವೂ ದೊಡ್ಡ ರಾಷ್ಟ್ರಗಳ ಸಭೆಯಲ್ಲಿ ತಲೆಯೆತ್ತಿ ಮಾತನಾಡಬಲ್ಲುದೆಂಬುದಕ್ಕೆ ಅವರ ಜೀವನವು ಸಾಕ್ಷಿ.

ಏಷ್ಯದ ಆಗ್ನೇಯದಲ್ಲಿ ಸಾವಿರಾರು ದ್ವೀಪಗಳಿಂದ ಕೂಡಿದ ಫಿಲಿಪೈನ್ಸ್ ಮುನ್ನೂರು ವರ್ಷಗಳಿಗೂ ಮೀರಿ ಸ್ಪೇನಿನ ಅಧೀನದಲ್ಲಿದ್ದು, 1898ರಲ್ಲಿ ಅಮೆರಿಕದ ವಶವಾಯಿತು. ರೋಮುಲೋ ಅವರು ಬೆಳೆದುದು ಲೂಸಾನ್ ದ್ವೀಪದ ಕಮಿಲಿಂಗ್ ಎಂಬ ಊರಿನಲ್ಲಿ. ತಂದೆ ಗ್ರೆಗೋರಿಯೋ ಅಮೆರಿಕದ ಸೇನೆಯೊಡನೆ ಕಾದಾಡಿದವರು. ಮಗನಾದರೋ ಆಳುವವರ ಭಾಷೆಯನ್ನೇ ಚೆನ್ನಾಗಿ ಕಲಿತು, ಮನಿಲಾದಲ್ಲಿಯೂ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿಯೂ ವ್ಯಾಸಂಗ ಮಾಡಿ, ಅಧ್ಯಾಪಕರೂ ಪತ್ರಿಕಾಕರ್ತರೂ ಆದರು. 1941ರಲ್ಲಿ ಹಾಂಗ್‌ಕಾಂಗಿನಿಂದ ಬಟೇವಿಯಾದವರೆಗೆ ಸಂಚರಿಸಿ, ಆ ನಾಡುಗಳ ಮೇಲೆ ಕವಿಯುತ್ತಿದ್ದ ಯುದ್ಧದ ಕಾರ್ಮೋಡವನ್ನು ಕುರಿತು ಬರೆದರು. ಆ ಲೇಖನಗಳಿಗೆ 1942ರಲ್ಲಿ ಪುಲಿಟ್ಜರ್ ಪಾರಿತೋಷಕವು ದೊರೆಯಿತು.

ಪಾರಿತೋಷಕಕ್ಕೆ ಮುನ್ನವೇ ಯುದ್ಧ ಬಂದಿತ್ತು. 1941ರ ಡಿಸೆಂಬರಿನಲ್ಲಿ ಜಪಾನ್ ಫಿಲಿಪೈನ್ಸಿನ ಮೇಲೆ ದಂಡೆತ್ತಿ ಬಂದಾಗ ರೋಮುಲೋ ಸೇನೆಯನ್ನು ಸೇರಿ, ಜನರಲ್ ಮೆಕಾರ್ಥರ್ ಅವರ ಸಹಾಯಕರಾದರು. ಕೊರೆಗಿಡೋರ್ ದ್ವೀಪದ ಸುರಂಗದಿಂದ ರೇಡಿಯೋ ಮೂಲಕ ಜನರಿಗೆ ಧೈರ್ಯ ಹೇಳಿದರು. ತರುವಾಯ ಅವರು ದೇಶವನ್ನು ಬಿಡಬೇಕಾಯಿತು. ಪತ್ನಿಯೂ ನಾಲ್ವರು ಪುತ್ರರೂ ಶತ್ರುವಶವಾದ ನಾಡಿನಲ್ಲಿಯೇ ಉಳಿದರು. 1944ರ ಅಕ್ಟೋಬರ್ 20ರಂದು ಸೇನೆ ಲೇಯ್ಟೆ ದ್ವೀಪದಲ್ಲಿ ಇಳಿದಾಗ ರೋಮುಲೋ ಬ್ರಿಗೇಡಿಯರ್ ಜನರಲ್ ಆಗಿ ತಾಯ್ನೆಲವನ್ನು ಮೆಟ್ಟಿದರು. ಕುಟುಂಬವು ಮತ್ತೆ ಒಂದುಗೂಡಿದುದು 1945ರಲ್ಲಿ.

ಅದೇ ವರ್ಷ ವಿಶ್ವಸಂಸ್ಥೆಯ ಸನ್ನದನ್ನು ರಚಿಸಲು 50 ರಾಷ್ಟ್ರಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆರೆದವು. ಫಿಲಿಪೈನ್ಸ್ ಇನ್ನೂ ಪರಾಧೀನ, ಭಾರತವೂ ಹಾಗೆಯೇ. ಭಾರತದ ಪರವಾಗಿ ಸಹಿ ಹಾಕಿದವರಲ್ಲಿ ಮುಂದೆ ಮೈಸೂರಿನ ದಿವಾನರಾದ ಸರ್ ರಾಮಸ್ವಾಮಿ ಮೊದಲಿಯಾರರೂ ಒಬ್ಬರು. ಅನ್ಯರ ಆಡಳಿತದಲ್ಲಿದ್ದ ಜನರ ಗುರಿ ‘ಸ್ವಯಮಾಡಳಿತ’ ಎಂದಷ್ಟೇ ಬರೆದರೆ ಸಾಕೆಂಬುದು ವಸಾಹತುಗಳನ್ನು ಹೊಂದಿದ್ದ ರಾಷ್ಟ್ರಗಳ ಇಚ್ಛೆ. ‘ಸ್ವಾತಂತ್ರ್ಯ’ ಎಂಬ ಪದವೂ ಇರಬೇಕೆಂದು ವಾದಿಸಿದವರಲ್ಲಿ ರೋಮುಲೋ ಪ್ರಮುಖರು. ವಸಾಹತುಗಳ ಅಧ್ಯಾಯದಲ್ಲಿ ಆ ಪದಕ್ಕೆ ಎಡೆ ದೊರೆಯಲಿಲ್ಲ. ವಿಶ್ವಸಂಸ್ಥೆಯ ಮೇಲ್ವಿಚಾರಣೆಗೆ ಒಳಪಡಲಿದ್ದ ಪ್ರದೇಶಗಳನ್ನು ಕುರಿತ 76ನೆಯ ವಿಧಿಯಲ್ಲಿ ದೊರೆಯಿತು. ಅಂತಹ 11 ಪ್ರದೇಶಗಳೂ ಕ್ರಮೇಣ ಪರರ ಆಡಳಿತದಿಂದ ಬಿಡುಗಡೆ ಹೊಂದಿದವು. ಕೊನೆಯದಾದ ಪಲಾವು 1994ರಲ್ಲಿ ಸ್ವತಂತ್ರವಾಯಿತು.

1946ರ ಜುಲೈ 4ರಂದು ಫಿಲಿಪೈನ್ಸ್ ಸ್ವತಂತ್ರವಾಯಿತು. 1949ರಲ್ಲಿ ರೋಮುಲೋ ವಿಶ್ವಸಂಸ್ಥೆಯ ಮಹಾಸಭೆಗೆ ಅಧ್ಯಕ್ಷರಾಗಿ, ಆ ಪೀಠವನ್ನೇರಿದ ಏಷ್ಯದ ಪ್ರಥಮರೆನಿಸಿದರು. ನಾಲ್ಕು ವರ್ಷಗಳ ಬಳಿಕ ನಮ್ಮ ವಿಜಯಲಕ್ಷ್ಮಿ ಪಂಡಿತರು ಅದನ್ನೇ ಅಲಂಕರಿಸಿದರು. 1955ರ ಬಾಂಡುಂಗ್ ಸಮ್ಮೇಳನದಲ್ಲಿ ರೋಮುಲೋ ತಮ್ಮ ದೇಶದ ನಿಯೋಗದ ಮುಖ್ಯಸ್ಥರಾಗಿದ್ದರು; 1962ರಿಂದ ಫಿಲಿಪೈನ್ಸ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿಯೂ ದುಡಿದರು.

ಅವರ ಜೀವನದಲ್ಲಿ ವಿಮರ್ಶೆಗೆ ಅರ್ಹವಾದ ಭಾಗವೂ ಉಂಟು. ಅಧ್ಯಕ್ಷ ಮಾರ್ಕೋಸ್ 1972ರಲ್ಲಿ ಸೈನಿಕ ಶಾಸನವನ್ನು ಹೇರಿ ಪ್ರಜೆಗಳ ಹಕ್ಕುಗಳನ್ನು ಮೊಟಕುಗೊಳಿಸಿದ ಮೇಲೆಯೂ, ರೋಮುಲೋ 1984ರವರೆಗೆ ಅವರ ವಿದೇಶಾಂಗ ಸಚಿವರಾಗಿಯೇ ಮುಂದುವರಿದರು. ಲೋಕದ ಸಭೆಯಲ್ಲಿ ಸ್ವಾತಂತ್ರ್ಯಕ್ಕಾಗಿ ಕೇಳಿಬಂದ ಧ್ವನಿಯು ಸ್ವಗೃಹದಲ್ಲಿ ಏಕೆ ಮೌನವಾಯಿತೆಂಬ ಪ್ರಶ್ನೆ ಸಹಜವಾದುದು. ಅವರು 1985ರ ಡಿಸೆಂಬರ್ 15ರಂದು ನಿಧನರಾದರು.

ವಿದ್ಯಾರ್ಥಿಗಳು ಮಹನೀಯರ ಚರಿತ್ರೆಯನ್ನು ಓದುವಾಗ ಗುಣದೋಷಗಳೆರಡನ್ನೂ ತೂಗಿ ನೋಡಬೇಕು. ಒಂದು ಪದವು ಸನ್ನದಿನಲ್ಲಿ ಸೇರುವುದಕ್ಕೂ ಸೇರದಿರುವುದಕ್ಕೂ ಎಷ್ಟು ಅಂತರವಿದೆಯೆಂಬುದನ್ನು ರೋಮುಲೋ ಬಲ್ಲವರಾಗಿದ್ದರು. ಭಾಷೆಯನ್ನು ಶ್ರದ್ಧೆಯಿಂದ ಕಲಿತವನ ಕೈಯಲ್ಲಿ ಪದವೂ ಬಲವೇ. ಆ ಬಲವನ್ನು ಎಲ್ಲಿ, ಯಾರಿಗಾಗಿ ಬಳಸಬೇಕೆಂಬ ವಿವೇಕವು ಅದಕ್ಕಿಂತಲೂ ದೊಡ್ಡದು.