ಕಡೆಯ ಸಾಲಿನ ‘ಇಲ್ಲ’

ಒಂದೇ ಪುಟದಲ್ಲಿ ಎರಡು ಬೇರೆ ಬೇರೆ ಬರಹಗಳು. ಮೊದಲ ಸಾಲು ಒಂದರದು, ಎರಡನೆಯದು ಇನ್ನೊಂದರದು, ಮೂರನೆಯದು ಮತ್ತೆ ಮೊದಲಿನದು. ಜಡೆ ಹೆಣೆದಂತೆ ಕೊನೆಯವರೆಗೂ ಹೀಗೇ ಸಾಲುಗಳನ್ನು ಹೆಣೆದು, ಶರವೇಗದಲ್ಲಿ ಓದಬಲ್ಲವರೆಂದು ಹೆಸರಾದವರ ಮುಂದೆ ಇಟ್ಟರು. 1960ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನಡೆದದ್ದು ಇದು. ಅವರು ನಿಮಿಷಕ್ಕೆ ಸುಮಾರು 1,700 ಪದಗಳ ವೇಗದಲ್ಲಿ ಅದನ್ನು ಮೂರು ಸಲ ಓದಿದರು. ಚೆನ್ನಾಗಿ ಅರ್ಥವಾಯಿತು ಎಂದರು. ಎರಡು ಬರಹಗಳು ಬೆರೆತಿವೆ ಎಂಬುದು ಮಾತ್ರ ಅವರಿಗೆ ಹೊಳೆಯಲೇ ಇಲ್ಲ.

ಈ ಪ್ರಸಂಗ ನನ್ನ ಕಣ್ಣಿಗೆ ಬಿದ್ದದ್ದು ನೌಕರಿಯಿಂದ ನಿವೃತ್ತನಾದ ಮೇಲೆ. ಮೊದಲೇ ಗೊತ್ತಿದ್ದರೆ ದೇವದುರ್ಗ ಕಡೆಯ ಒಬ್ಬ ರೈತನ ಮೂರು ತಿರುಗಾಟ ತಪ್ಪುತ್ತಿತ್ತು.

ವರ್ಷಗಳ ಹಿಂದೆ ರಾಯಚೂರಿನ ಹೋಟೆಲೊಂದರ ಮೇಲಂತಸ್ತಿನಲ್ಲಿ ನಮ್ಮ ಕಚೇರಿಯ ಹನ್ನೆರಡು ಮಂದಿಗೆ ಎರಡು ದಿನ ‘ವೇಗದ ಓದು’ ತರಬೇತಿ ನಡೆಯಿತು. ತರಬೇತುದಾರರು ಬೆಂಗಳೂರಿನಿಂದ ಬಂದಿದ್ದರು. ತುಟಿ ಆಡಿಸಬಾರದು, ಮನಸ್ಸಿನೊಳಗೂ ಉಚ್ಚರಿಸಬಾರದು, ಪೆನ್ಸಿಲ್ಲನ್ನು ಸಾಲಿನ ಕೆಳಗೆ ಓಡಿಸಬೇಕು, ಓದಿದ ಕಡೆಗೆ ಮತ್ತೆ ಹೊರಳಬಾರದು. ಇವು ನಾಲ್ಕು ನಿಯಮ. ಓದಲು ಕೊಟ್ಟದ್ದು ಜೇನುಹುಳು, ಹಡಗು, ಪರ್ವತಾರೋಹಣ ಮುಂತಾದ ವಿಷಯಗಳ ಇಂಗ್ಲಿಷ್ ಪ್ಯಾರಾಗಳು. ಮೊದಲ ಬೆಳಿಗ್ಗೆ ನನ್ನ ವೇಗ ನಿಮಿಷಕ್ಕೆ 170 ಪದ ಇತ್ತು, ಎರಡನೆಯ ಸಂಜೆ 390 ಆಯಿತು. ಪ್ರಮಾಣಪತ್ರ ಕೊಟ್ಟರು. ಅರ್ಥವಾಯಿತೇ ಎಂದು ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಪ್ಯಾರಾ ಓದದವರೂ ಉತ್ತರ ಹೇಳಬಹುದಿತ್ತು. ಆ ಹೊತ್ತಿಗೆ ಅದು ನಮಗೆ ಯಾರಿಗೂ ತೋಚಲಿಲ್ಲ.

ಮೂರು ತಿಂಗಳ ನಂತರ ನಾಲ್ಕು ಪುಟದ ಸುತ್ತೋಲೆಯೊಂದು ನನ್ನ ಮೇಜಿಗೆ ಬಂತು. ಕಲಿತ ರೀತಿಯಲ್ಲಿಯೇ ಓದಿದೆ. ಎದುರಿಗೆ ನಿಂತಿದ್ದ ರೈತನಿಗೆ, ‘ನಿಮ್ಮ ಹತ್ತಿರ ಇರುವ ಕಾಗದ ಸಾಕು, ಅರ್ಜಿ ಹಾಕಿರಿ’ ಎಂದೆ. ಅವರಂಥ ಹಿಡುವಳಿದಾರರಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ ಎಂಬುದು ಕಡೆಯ ಪುಟದ ಕಡೆಯ ವಾಕ್ಯದಲ್ಲಿತ್ತು. ಅರ್ಜಿ ತಿರುಗಿ ಬಂತು. ಅಷ್ಟರೊಳಗೆ ಅವರು ಮೂರು ಸಲ ಬಸ್ಸಿನ ದುಡ್ಡು ಕೊಟ್ಟು, ಮೂರು ದಿನದ ಹೊಲದ ಕೆಲಸ ಬಿಟ್ಟು ಬಂದಿದ್ದರು. ಅವರು ಬೈಯಲಿಲ್ಲ. ‘ಇರಲಿ ಬಿಡ್ರಿ ಸಾಹೇಬ್ರ’ ಎಂದು ಹೋದರು. ಆ ಮಾತು ಈಗಲೂ ಮನಸ್ಸಿನಲ್ಲಿ ಕುಟುಕುತ್ತದೆ.

ನಮ್ಮ ಕೈಗೆ ಆ ಪೆನ್ಸಿಲ್ಲು ಬಂದದ್ದು ಎಲ್ಲಿಂದ ಎಂದು ಹುಡುಕಿ ಹೋದರೆ ಯೂಟಾ ರಾಜ್ಯದ ಶಾಲಾ ಶಿಕ್ಷಕಿ ಎವೆಲಿನ್ ವುಡ್ ಸಿಗುತ್ತಾರೆ. ಹುಟ್ಟಿದ್ದು 1909ರಲ್ಲಿ. ಸ್ನಾತಕೋತ್ತರ ಓದಿನ ಕಾಲದಲ್ಲಿ ಅವರು ಎಂಬತ್ತು ಪುಟದ ಪ್ರಬಂಧವನ್ನು ಪ್ರಾಧ್ಯಾಪಕ ಲೋವೆಲ್ ಲೀಸ್ ಅವರಿಗೆ ಕೊಟ್ಟರಂತೆ. ಲೀಸ್ ಅವರು ಎದುರಿಗೇ ಕೂತು ಕೆಲವೇ ನಿಮಿಷದಲ್ಲಿ ಓದಿ, ಅಂಕ ಹಾಕಿ, ತಪ್ಪುಗಳನ್ನೂ ಹೇಳಿಬಿಟ್ಟರು. ವುಡ್ ಬೆರಗಾದರು. ಹಾಗೆ ಓದುವವರು ಇನ್ನೆಷ್ಟು ಮಂದಿ ಇರಬಹುದು ಎಂದು ಹುಡುಕಿ ಹೊರಟರು. ತಮಗೆ ಅದು ಸಾಧ್ಯವಾಗದೆ ಬೇಸತ್ತು ಒಂದು ದಿನ ಕಾದಂಬರಿಯನ್ನು ಎಸೆದರು. ಹಾಳೆಗೆ ಮೆತ್ತಿದ ಧೂಳನ್ನು ಅಂಗೈಯಿಂದ ಒರೆಸುವಾಗ ಕಣ್ಣು ಕೈಯ ಹಿಂದೆ ಓಡುವುದನ್ನು ಕಂಡುಕೊಂಡರು. ತಮ್ಮ ವಿದ್ಯೆ ಹುಟ್ಟಿದ ಬಗೆಯನ್ನು ಅವರು ಹೇಳುತ್ತಿದ್ದುದು ಹೀಗೆ. 1959ರಲ್ಲಿ ವಾಷಿಂಗ್ಟನ್ನಿನಲ್ಲಿ ‘ರೀಡಿಂಗ್ ಡೈನಮಿಕ್ಸ್’ ಎಂಬ ಶಾಲೆ ತೆರೆದರು.

ಸ್ಥಳ ಮತ್ತು ಕಾಲ ಎರಡೂ ಕೂಡಿ ಬಂದವು. ಕಡತಗಳ ರಾಶಿಯಲ್ಲಿ ಮುಳುಗಿದ ರಾಜಧಾನಿ ಅದು. ಅಧ್ಯಕ್ಷ ಕೆನಡಿ ನಿಮಿಷಕ್ಕೆ 1,200 ಪದ ಓದುತ್ತಾರೆ ಎಂಬ ಮಾತು ಪತ್ರಿಕೆಗಳಲ್ಲಿ ಬಂತು. ಅದು ಪತ್ರಕರ್ತರೊಬ್ಬರು ಕೊಟ್ಟ ಅಂದಾಜಿನ ಸಂಖ್ಯೆಯೇ ಹೊರತು ಯಾರೂ ಅಳೆದು ನೋಡಿದ್ದಲ್ಲ. ಆದರೂ ಅದು ನಿಂತಿತು. ಮುಂದೆ ಅಧ್ಯಕ್ಷ ಕಾರ್ಟರ್ ಕೂಡ ವುಡ್ ಪದ್ಧತಿಯನ್ನು ಕಲಿತರು. ದೊಡ್ಡವರು ಕಲಿತದ್ದನ್ನು ಕಚೇರಿಗಳು ನೌಕರರಿಗೆ ಕಲಿಸದೆ ಬಿಟ್ಟಾವೆಯೇ? ಅಲ್ಲಿಂದ ಪುಸ್ತಕ, ಕ್ಯಾಸೆಟ್ಟು, ವಾರಾಂತ್ಯದ ಶಿಬಿರಗಳ ದಾರಿಯಲ್ಲಿ ಅದು ನಮ್ಮ ಊರಿನ ಹೋಟೆಲಿಗೂ ಬಂತು.

ಕಣ್ಣಿನ ಕತೆ ಇದಕ್ಕೂ ಹಳೆಯದು. 1879ರಲ್ಲಿ ಪ್ಯಾರಿಸಿನ ನೇತ್ರವೈದ್ಯ ಎಮಿಲ್ ಜವಾಲ್ ಅವರ ಬರಹಗಳಿಂದ ಜನಕ್ಕೆ ತಿಳಿದ ಸಂಗತಿಯೆಂದರೆ, ಓದುವಾಗ ಕಣ್ಣು ಸಾಲಿನ ಮೇಲೆ ಹರಿಯುವುದಿಲ್ಲ, ಜಿಗಿಯುತ್ತದೆ. ಜಿಗಿದು ಕಾಲು ಸೆಕೆಂಡಿನಷ್ಟು ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ. ನಿಂತಾಗ ಮಾತ್ರ ಓದು. ಆ ಗಳಿಗೆಯಲ್ಲಿ ಸ್ಪಷ್ಟವಾಗಿ ಕಾಣುವುದು ಕೈ ಚಾಚಿ ಹಿಡಿದ ಹೆಬ್ಬೆರಳಿನ ಉಗುರಿನಷ್ಟು ಜಾಗ. ಇಡೀ ಸಾಲನ್ನು, ಇಡೀ ಪ್ಯಾರಾವನ್ನು ಒಂದೇ ನೋಟಕ್ಕೆ ನುಂಗುತ್ತೇನೆ ಎನ್ನುವುದಕ್ಕೆ ಕಣ್ಣಿನ ರಚನೆಯೇ ಒಪ್ಪುವುದಿಲ್ಲ. ಹತ್ತು ಜಿಗಿತಕ್ಕೆ ಒಂದಾದರೂ ಹಿಂದಕ್ಕೆ ಹೋಗುತ್ತದೆ. ಸೋಮಾರಿತನದಿಂದಲ್ಲ, ಅರ್ಥ ಕೂಡಿ ಬರದ ಕಡೆ ಮನಸ್ಸು ಕಣ್ಣನ್ನು ವಾಪಸು ಕಳಿಸುತ್ತದೆ. 2014ರಲ್ಲಿ ‘ಸ್ಪ್ರಿಟ್ಜ್’ ಎಂಬ ಆ್ಯಪ್ ಒಂದೊಂದೇ ಪದವನ್ನು ಪರದೆಯ ಮೇಲೆ ಮಿಂಚಿಸಿ, ಹಿಂದೆ ಹೊರಳುವ ದಾರಿಯನ್ನೇ ಮುಚ್ಚಿತು. ಹಾಗೆ ಮುಚ್ಚಿದರೆ ಗ್ರಹಿಕೆ ಕುಸಿಯುತ್ತದೆ ಎಂದು ಅದೇ ವರ್ಷ ಸಂಶೋಧಕರು ತೋರಿಸಿದರು. 2016ರಲ್ಲಿ ಕೀತ್ ರೇನರ್ ಮತ್ತು ಸಂಗಡಿಗರು ದಶಕಗಳ ಸಂಶೋಧನೆಯನ್ನೆಲ್ಲ ಒಟ್ಟುಗೂಡಿಸಿ ಬರೆದದ್ದರ ಸಾರವೂ ಇಷ್ಟೇ. ವೇಗ ಏರಿದರೆ ಗ್ರಹಿಕೆ ಇಳಿಯುತ್ತದೆ. ವೇಗವನ್ನು ನಿಜವಾಗಿ ಹೆಚ್ಚಿಸುವುದು ಭಾಷೆಯ ಬಳಕೆ, ಪದಸಂಪತ್ತು ಮತ್ತು ವಿಷಯದ ಪರಿಚಯ.

ಇದೆಲ್ಲ ಇಂಗ್ಲಿಷಿನ ಲೆಕ್ಕ. ಕನ್ನಡಕ್ಕೆ ಬಂದರೆ ‘ನಿಮಿಷಕ್ಕೆ ಇಷ್ಟು ಪದ’ ಎಂಬ ಅಳತೆಯೇ ನಿಲ್ಲುವುದಿಲ್ಲ. ‘ಸಲ್ಲಿಸಬೇಕಾಗಿರುವುದರಿಂದ’ ಎಂಬುದು ನಮಗೆ ಒಂದು ಪದ, ಇಂಗ್ಲಿಷಿನಲ್ಲಿ ಐದಾರು. ಒತ್ತಕ್ಷರಗಳು ಸಾಲಿನ ಕೆಳಗೆ ಇನ್ನೊಂದು ಪುಟ್ಟ ಸಾಲು ಮಾಡಿಕೊಂಡಿರುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ವಾಕ್ಯದ ನಡೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕಟ್ಟಕಡೆಗೆ, ನಿಷೇಧ ಅದರ ಬಾಲದಲ್ಲಿ. ಆರು ಸಾಲಿನ ಆದೇಶ ‘ಪರಿಗಣಿಸಬಹುದು’ ಎಂದು ಮುಗಿಯಬಹುದು, ‘ಪರಿಗಣಿಸಲು ಬರುವುದಿಲ್ಲ’ ಎಂದೂ ಮುಗಿಯಬಹುದು. ಅಲ್ಲಿಯವರೆಗಿನ ಎಲ್ಲ ಪದಗಳೂ ಒಂದೇ. ತೇಲಿಸಿ ಓದುವ ಕಣ್ಣು ಮೊದಲು ಕಳೆದುಕೊಳ್ಳುವುದು ಈ ಬಾಲವನ್ನೇ. ಸರ್ಕಾರಿ ಭಾಷೆಯಲ್ಲಿ ಇದರ ಮೇಲೆ ‘ಪರಂತು’ ಇದೆ, ‘ಷರತ್ತಿಗೊಳಪಟ್ಟು’ ಇದೆ. ಇಂಗ್ಲಿಷ್ ಪ್ಯಾರಾಗಳ ಮೇಲೆ ಪಳಗಿಸಿದ ಕಣ್ಣನ್ನು ಕನ್ನಡದ ಕಡತಕ್ಕೆ ಹಚ್ಚಿದ್ದೇ ನನ್ನ ಕಡೆಯಿಂದ ಆದ ತಪ್ಪು.

ತೀರ್ಮಾನ ವಾಕ್ಯದ ಬಾಲದಲ್ಲಿರುತ್ತದೆ ಎಂಬುದು ನನ್ನ ಅಪ್ಪನಿಗೆ ಯಾವ ಸಂಶೋಧನೆಯೂ ಇಲ್ಲದೆ ಗೊತ್ತಿತ್ತು. ಅವರು ಮಾನ್ವಿಯಲ್ಲಿ ಗುಮಾಸ್ತರಾಗಿದ್ದರು. ಓದಿದ್ದು ಉರ್ದುವಿನಲ್ಲಿ. 1880ರ ದಶಕದಲ್ಲಿ ಹೈದರಾಬಾದ್ ಸಂಸ್ಥಾನ ಪರ್ಷಿಯನ್ ಬಿಟ್ಟು ಉರ್ದುವನ್ನು ಆಡಳಿತ ಭಾಷೆ ಮಾಡಿದ ಮೇಲೂ ನಮ್ಮ ಕಡೆಯ ಕಚೇರಿಗಳ ಕಾಗದವೆಲ್ಲ ಬಲದಿಂದ ಎಡಕ್ಕೇ ನಡೆಯುತ್ತಿತ್ತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. 1963ರಲ್ಲಿ ರಾಜ್ಯದ ಆಡಳಿತ ಭಾಷಾ ಕಾಯ್ದೆ ಬಂತು. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದ ಅಪ್ಪ ಕಚೇರಿಯಲ್ಲಿ ಕನ್ನಡ ಓದಲು ಕಣ್ಣನ್ನು ಎಡದಿಂದ ಬಲಕ್ಕೆ ತಿರುಗಿಸಿಕೊಂಡರು. ಅವರಿಗೆ ಯಾರೂ ತರಬೇತಿ ಕೊಡಲಿಲ್ಲ. ತೋರುಬೆರಳನ್ನು ಸಾಲಿನ ಕೆಳಗೆ ಇಟ್ಟು ಓದುತ್ತಿದ್ದರು. ವುಡ್ ಅವರ ಕೈ ಓಡಲಿಕ್ಕೆ ಇತ್ತು. ಅಪ್ಪನ ಬೆರಳು ನಿಲ್ಲಲಿಕ್ಕೆ ಇತ್ತು. ‘ಪರಂತು’ ಬಂದಲ್ಲಿ ಅದು ನಿಂತೇ ನಿಲ್ಲುತ್ತಿತ್ತು.

ನಾನು ನೌಕರಿಗೆ ಸೇರಿದ ವಾರ ಅವರು ಹೇಳಿದ ಮಾತು: ‘ಮೊದಲ ಕಡೀ ಸಾಲು ನೋಡಪ್ಪ. ಹೌದೋ ಅಲ್ಲೋ ಅನ್ನೂದು ಅಲ್ಲೇ ಕುಂತಿರ್ತದ. ಆಮ್ಯಾಲ ಮ್ಯಾಲಿಂದ ಬಾ.’ ಕಡತ ಬಂದರೆ ಅವರು ಮೊದಲು ಆದೇಶದ ಭಾಗ ಓದುತ್ತಿದ್ದರು, ನಂತರ ಪ್ರಸ್ತಾವನೆ, ಕಡೆಗೆ ‘ಓದಲಾಗಿದೆ’ ಎಂಬ ತಲೆಬರಹದ ಕೆಳಗಿನ ಹಳೆಯ ಆದೇಶಗಳ ಪಟ್ಟಿ. ಸರ್ವೆ ನಂಬರು, ಎಕರೆ, ಗುಂಟೆ ಬಂದರೆ ತುಟಿ ಆಡಿಸಿ ಓದುತ್ತಿದ್ದರು. ಆದರೂ ಅವರ ಮೇಜಿನ ಮೇಲೆ ಕಾಗದ ಉಳಿಯುತ್ತಿರಲಿಲ್ಲ. ಯಾವ ಕಾಗದದಲ್ಲಿ ಏನು ಎಲ್ಲಿರುತ್ತದೆ ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತಿತ್ತು. ರೇನರ್ ಹೇಳಿದ ವಿಷಯದ ಪರಿಚಯ ಅಂದರೆ ಇದೇ.

ನಮ್ಮ ನೆಲಕ್ಕೆ ನಿಧಾನ ಓದು ಹೊಸದಲ್ಲ. ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರವನ್ನು ಪಾರಾಯಣ ಮಾಡುವವರು ಅದೇ ಸಂಧಿಗೆ ಮತ್ತೆ ಮತ್ತೆ ಮರಳುತ್ತಾರೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯ ಮೇಲಿನ ಬರಹವನ್ನು ಕಂಡರು. ಸವೆದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಾಗ ‘ಅಸೋಕ’ ಎಂಬ ಹೆಸರು ಸಿಕ್ಕಿತು. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂಬ ಮಾತಿಗೆ ಶಾಸನದ ಆಧಾರ ಸಿಕ್ಕಿದ್ದು ಅಂದು, ನಮ್ಮ ಜಿಲ್ಲೆಯಲ್ಲಿ.

ಕಚೇರಿಗಳಿಗೆ ಅವಸರವಿಲ್ಲ ಎಂದು ನಾನು ಹೇಳುವುದಿಲ್ಲ. ಸರ್ಕಾರಿ ಸೇವೆಯನ್ನು ನಿಗದಿತ ಅವಧಿಯೊಳಗೆ ಕೊಡಬೇಕೆನ್ನುವ ಸಕಾಲ ಕಾಯ್ದೆ 2012ರಿಂದ ಜಾರಿಯಲ್ಲಿದೆ. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರನಿಗೆ ಪರಿಹಾರ ಕೊಡಬೇಕು. ಕಾದು ನಿಂತವನ ಪರವಾಗಿ ಬಂದ ಒಳ್ಳೆಯ ಕಾನೂನು ಅದು. ಹೀಗಿರುವಾಗ ಬೇಗ ಓದುವ ತರಬೇತಿ ಕೊಡುತ್ತೇವೆ ಎಂದು ಯಾರಾದರೂ ಬಂದರೆ ಅಧಿಕಾರಿಗೆ ಆಸೆ ಹುಟ್ಟುವುದು ಸಹಜ.

ಹಾಗಾದರೆ ಲೆಕ್ಕ ಹಾಕಿ ನೋಡೋಣ. ಇಪ್ಪತ್ತು ನೌಕರರು, ಎರಡು ದಿನ, ತಲೆಗೆ 3,000 ರೂಪಾಯಿ ಶುಲ್ಕ ಎಂದುಕೊಳ್ಳಿ. ಅದು 60,000. ದಿನದ ಸಂಬಳ 1,500 ಎಂದು ಹಿಡಿದರೆ ಆ ಎರಡು ದಿನದ ಸಂಬಳವೂ 60,000. ಒಟ್ಟು ಖರ್ಚು 1,20,000. ಒಬ್ಬೊಬ್ಬರೂ ದಿನಕ್ಕೆ ಹನ್ನೆರಡು ನಿಮಿಷ ಉಳಿಸಿದರೆ 250 ಕೆಲಸದ ದಿನಗಳಲ್ಲಿ 1,000 ತಾಸು ಉಳಿಯುತ್ತದೆ, ಎಂಟು ತಾಸಿನ ದಿನದ ಲೆಕ್ಕದಲ್ಲಿ ಅದರ ಬೆಲೆ 1,87,500 ರೂಪಾಯಿ. ಕಾಗದದ ಮೇಲೆ ಲಾಭವೇ ಕಾಣುತ್ತದೆ. ತರಬೇತಿ ಮಾರುವವರು ತೋರಿಸುವುದು ಇದನ್ನೇ.

ಈ ಲೆಕ್ಕದೊಳಗೆ ಎರಡು ನಂಬಿಕೆಗಳು ಅಡಗಿವೆ. ಕಲಿತ ವೇಗ ವರ್ಷವಿಡೀ ಉಳಿಯುತ್ತದೆ, ಮತ್ತು ಗ್ರಹಿಕೆ ಕುಂದುವುದಿಲ್ಲ. ಎರಡನೆಯದು ಸುಳ್ಳೆಂದು ಮೇಲೆ ನೋಡಿದೆವು. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಕಡತ ತಡವಾಗುವುದು ಓದಲು ಹೊತ್ತು ಸಾಲದೆ ಅಲ್ಲ. ಅಭಿಪ್ರಾಯ ಕೇಳಿ ಬರೆದ ಪತ್ರಕ್ಕೆ ಉತ್ತರ ಬಂದಿರುವುದಿಲ್ಲ, ಹಳೆಯ ದಾಖಲೆ ಸಿಕ್ಕಿರುವುದಿಲ್ಲ, ಸಹಿ ಹಾಕುವವರು ಊರಲ್ಲಿರುವುದಿಲ್ಲ. ನಲವತ್ತು ವರ್ಷ ಕಡತಗಳ ನಡುವೆ ಕೂತವನಾಗಿ ಇದನ್ನು ಹೇಳುತ್ತಿದ್ದೇನೆ. ಹನ್ನೆರಡು ನಿಮಿಷ ಮೊದಲೇ ಓದಿ ಮುಗಿಸಿದ ಕಡತವೂ ಅದೇ ಮೇಜಿನ ಮೇಲೆ ಅದೇ ಉತ್ತರಕ್ಕಾಗಿ ಕಾಯುತ್ತದೆ. ತಪ್ಪಿ ಓದಿದ ಒಂದು ಸಾಲಿನ ಖರ್ಚನ್ನಂತೂ ಕಚೇರಿ ಭರಿಸುವುದಿಲ್ಲ, ದೇವದುರ್ಗದಿಂದ ಬಂದವರು ಭರಿಸುತ್ತಾರೆ.

ತೇಲಿಸಿ ನೋಡುವುದಕ್ಕೆ ಜಾಗವೇ ಇಲ್ಲವೆಂದಲ್ಲ. ಬೆಳಗಿನ ಟಪಾಲಿನಲ್ಲಿ ಯಾವ ಕಾಗದ ಯಾವ ಶಾಖೆಗೆ ಎಂದು ಬೇರ್ಪಡಿಸುವವರಿಗೆ ಅದು ಬೇಕು. ಅದಕ್ಕೆ ಹೋಟೆಲು ಬೇಕಾಗಿಲ್ಲ. ಹಿರಿಯ ಗುಮಾಸ್ತರ ಪಕ್ಕ ಒಂದು ವಾರ ಕೂತರೆ ಸಾಕು. ಆದರೂ ತರಬೇತಿ ಕೊಡಿಸಲೇಬೇಕೆಂದರೆ ಮೊದಲು ನಿಮ್ಮದೇ ಕಚೇರಿಯ ಕನ್ನಡ ಸುತ್ತೋಲೆಗಳನ್ನು ಕೊಟ್ಟು ಪರೀಕ್ಷೆ ಮಾಡಿ. ವೇಗದ ಜೊತೆಗೆ ‘ಯಾರಿಗೆ ಅನ್ವಯಿಸುವುದಿಲ್ಲ’ ಎಂಬುದನ್ನೂ ಕೇಳಿ. ಮೂರು ತಿಂಗಳ ನಂತರ ಮತ್ತೆ ಕೇಳಿ. ತರಬೇತಿ ಪಡೆಯದ ಇನ್ನೊಂದು ಗುಂಪಿಗೆ ‘ಸ್ವಲ್ಪ ಬೇಗ ಓದಿ’ ಎಂದಷ್ಟೇ ಹೇಳಿ, ಎರಡನ್ನೂ ಹೋಲಿಸಿ. ಈ ಪರೀಕ್ಷೆಗೆ ಒಪ್ಪದವರಿಗೆ ದುಡ್ಡು ಕೊಡಬೇಡಿ.

ಜಿಲ್ಲೆಯ ತರಬೇತಿ ಯೋಜನೆ ಮಾಡುವವರಲ್ಲಿ ನನ್ನದು ಎರಡು ಕೋರಿಕೆ. ಸುತ್ತೋಲೆ ಬರೆಯುವವರಿಗೆ, ಆಗುವುದೋ ಆಗದೋ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಲು ಕಲಿಸಿ. ಓದುವವರ ಹೊತ್ತು ಅಲ್ಲಿಯೇ ಉಳಿಯುತ್ತದೆ. ಎರಡನೆಯದು, ನಮ್ಮ ದಾಖಲೆ ಕೋಣೆಗಳಲ್ಲಿ ನಿಜಾಮರ ಕಾಲದ ಜಮೀನಿನ ಕಾಗದಗಳು ಉರ್ದುವಿನಲ್ಲಿವೆ, ಫಸಲಿ ಎಂಬ ಹಳೆಯ ಕಂದಾಯ ವರ್ಷದ ಲೆಕ್ಕದಲ್ಲಿವೆ. ವಾರಸುದಾರರು ಬಂದು ಕೇಳಿದಾಗ ಓದಿ ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅಪ್ಪನ ತಲೆಮಾರು ಹೋಯಿತು. ತರಬೇತಿಗೆಂದು ಹಣ ತೆಗೆದಿಟ್ಟಿದ್ದರೆ, ಇಪ್ಪತ್ತು ಮಂದಿ ಎಳೆಯ ನೌಕರರಿಗೆ ಆ ಕಾಗದಗಳನ್ನು ನಿಧಾನವಾಗಿ ಓದಲು ಕಲಿಸಿ. ಕಲಿಸಬಲ್ಲವರು ಕೆಲವರಾದರೂ ಇನ್ನೂ ನಮ್ಮ ನಡುವೆ ಇರುವಾಗಲೇ ಇದು ಆಗಬೇಕು.